ಡಿಸ್ಕ್ ಎರರ್ ಕೊಟ್ಟಾಗ ಡ್ರೈವರ್ ಎಷ್ಟು ಸಲ ರೀಟ್ರೈ ಮಾಡಬೇಕು?

ಪ್ರಶ್ನೆ: ಸ್ಟೋರೇಜ್ ಡ್ರೈವರ್ (ಡಿಸ್ಕನ್ನು ನಡೆಸುವ ಸಾಫ್ಟ್‌ವೇರ್) ಬರೆಯುತ್ತಿದ್ದೇನೆ. ಕಮಾಂಡ್ ಫೇಲ್ ಆದರೆ ಮೂರು ಸಲ ರೀಟ್ರೈ ಮಾಡಿ, ಆಗಲೂ ಆಗದಿದ್ದರೆ ಎರರ್ ಕೊಟ್ಟರೆ ಸಾಕಲ್ಲವೇ?

ಉತ್ತರ: ಸಾಲದು. ಎಷ್ಟು ಸಲ ಅನ್ನುವುದಕ್ಕಿಂತ ಮೊದಲು ಏನಾಗಿದೆ ಎಂದು ನೋಡಬೇಕು. ಅದನ್ನು ಬಹುಪಾಲು ಡಿವೈಸೇ ಹೇಳಿಬಿಡುತ್ತದೆ.

ಸ್ಕಸಿ (SCSI, ಡಿಸ್ಕಿಗೆ ಕಮಾಂಡ್ ಕಳಿಸುವ ಒಂದು ಪದ್ಧತಿ) ಡಿಸ್ಕಾದರೆ ಸೆನ್ಸ್ ಕೀ, ಅಂದರೆ ಎರರ್ ಯಾವ ಬಗೆಯದೆಂದು ಡಿಸ್ಕ್ ಹೇಳುವ ಸಂಖ್ಯೆ, ಓದಿ. 2 ಬಂದು, ಜೊತೆಗೆ ವಿವರ ಹೇಳುವ ಕೋಡ್ 04/01 ಇದ್ದರೆ ಡಿಸ್ಕ್ ಇನ್ನೂ ಸಿದ್ಧವಾಗುತ್ತಿದೆ. ಸ್ವಲ್ಪ ತಡೆದು ಮತ್ತೆ ಕಳಿಸಿ. 5 ಎಂದರೆ ಕಮಾಂಡೇ ತಪ್ಪು, ನೂರು ಸಲ ಕಳಿಸಿದರೂ ಅದೇ ಉತ್ತರ. 3 ಮತ್ತು 11/00 ಬಂದರೆ ಆ ಸೆಕ್ಟರ್ ಓದಲಾಗಲಿಲ್ಲ. ಡಿಸ್ಕಿನೊಳಗಿನ ಸಾಫ್ಟ್‌ವೇರ್ ಆದ ಫರ್ಮ್‌ವೇರ್ ತಾನೇ ಹಲವು ಸಲ ಯತ್ನಿಸಿ ಕೈಚೆಲ್ಲಿದ ಮೇಲೆ ಬರುವ ಮಾತಿದು. ಲಿನಕ್ಸ್ ಕೂಡ ಇದಕ್ಕೆ ರೀಟ್ರೈ ಮಾಡುವುದಿಲ್ಲ. 6 ಬಂದಾಗ ಮಾತ್ರ ಎಚ್ಚರ ಬೇಕು. ಬರೀ ರೀಸೆಟ್ ಆಗಿದ್ದರೆ ಮತ್ತೆ ಕಳಿಸಬಹುದು. ಮೀಡಿಯಾ ಬದಲಾಗಿದ್ದರೆ ಕೂಡದು, ಹಳೆಯ ಡಿಸ್ಕಿಗೆ ಹೋಗಬೇಕಿದ್ದ ಡೇಟಾ ಹೊಸದರ ಮೇಲೆ ಬಿದ್ದು ಅದನ್ನೂ ಕೆಡಿಸುತ್ತದೆ. ಎಸ್‌ಎಸ್‌ಡಿಗಳು ಬಳಸುವ ಎನ್‌ವಿಎಂಇ (NVMe) ಪದ್ಧತಿ ಈ ತಲೆನೋವನ್ನು ಎಷ್ಟೋ ಕಡಿಮೆ ಮಾಡಿದೆ: ಸ್ಟೇಟಸ್‌ನಲ್ಲಿ ಡಿಎನ್‌ಆರ್ (ಡು ನಾಟ್ ರೀಟ್ರೈ) ಬಿಟ್ 1 ಇದ್ದರೆ ರೀಟ್ರೈ ಮಾಡಬೇಡಿ ಎಂದರ್ಥ.

ನಿಜವಾದ ಅಪಾಯ ಇರುವುದು ಟೈಮ್‌ಔಟ್‌ನಲ್ಲಿ, ಅಂದರೆ ಗೊತ್ತಾದ ಸಮಯದೊಳಗೆ ಉತ್ತರವೇ ಬಾರದಿದ್ದಾಗ. ಅಲ್ಲಿ ಡಿವೈಸ್ ಇಲ್ಲ ಅಂದಿಲ್ಲ, ಸುಮ್ಮನಿದೆ ಅಷ್ಟೆ. ಕಮಾಂಡ್ ಇನ್ನೂ ಅದರ ಬಳಿಯೇ ಇರಬಹುದು. ಫೇಲ್ ಆಯಿತೆಂದು ಬಫರ್ (ಡೇಟಾಕ್ಕಾಗಿ ಇಟ್ಟ ಮೆಮೊರಿ) ಬಿಟ್ಟುಕೊಟ್ಟರೆ, ತಡವಾಗಿ ಎಚ್ಚೆತ್ತ ಡಿವೈಸ್ ಈಗ ಬೇರೆಯವರ ಪಾಲಾಗಿರುವ ಮೆಮೊರಿಗೆ ಡಿಎಂಎ ಮಾಡುತ್ತದೆ, ಅಂದರೆ ಸಿಪಿಯುವನ್ನು ಕೇಳದೆ ನೇರವಾಗಿ ಬರೆದುಬಿಡುತ್ತದೆ. ಹಾಗಾಗಿ ಮೊದಲು ಆ ಕಮಾಂಡನ್ನು ಅಬಾರ್ಟ್ (ರದ್ದು) ಮಾಡಿ. ಅದೂ ಆಗದಿದ್ದರೆ ಡಿವೈಸ್ ರೀಸೆಟ್, ಆಮೇಲೆ ಕಂಟ್ರೋಲರ್ ರೀಸೆಟ್. ಹಳೆಯ ಕಮಾಂಡ್ ಸತ್ತಿದೆ ಎಂದು ಖಾತ್ರಿಯಾಗುವ ತನಕ ಬಫರ್ ಮುಟ್ಟಬೇಡಿ. ಕ್ರ್ಯಾಶ್ ಆದ ಜಾಗಕ್ಕೂ ಕಾರಣಕ್ಕೂ ಸಂಬಂಧವೇ ಕಾಣದ ಬಗ್‌ಗಳು ಹುಟ್ಟುವುದು ಇಲ್ಲೇ.

ಇನ್ನು ನಿಮ್ಮ ‘ಮೂರು ಸಲ’. ಲೆಕ್ಕವನ್ನು ಸಮಯದಲ್ಲಿ ಹಾಕಿ. ಲಿನಕ್ಸ್‌ನ ಸ್ಕಸಿ ಡಿಸ್ಕ್ ಡ್ರೈವರ್‌ನಲ್ಲಿ ಟೈಮ್‌ಔಟ್ ಸಾಮಾನ್ಯವಾಗಿ 30 ಸೆಕೆಂಡ್, ರೀಟ್ರೈ 5. ಮೊದಲ ಯತ್ನವೂ ಸೇರಿ 180 ಸೆಕೆಂಡ್ ಆಯಿತು. ಡ್ರೈವರ್ ಮೇಲಿನ ಸಾಫ್ಟ್‌ವೇರ್ ಪದರವೂ ಮೂರು ಸಲ ಯತ್ನಿಸಿದರೆ ಒಂಬತ್ತು ನಿಮಿಷ! ಮೇಲೆ ರೇಡ್ (RAID, ಹಲವು ಡಿಸ್ಕುಗಳನ್ನು ಒಟ್ಟಾಗಿ ಬಳಸುವ ವ್ಯವಸ್ಥೆ) ಇದ್ದು ಇನ್ನೊಂದು ಡಿಸ್ಕಿನಲ್ಲಿ ಅದೇ ಡೇಟಾ ಇದ್ದರೆ, ಬೇಗ ಎರರ್ ಕೊಡುವ ಡ್ರೈವರೇ ಒಳ್ಳೆಯದು. ರೀಟ್ರೈ ಯಾವ ಪದರದ ಕೆಲಸ ಎಂದು ಮೊದಲೇ ಗೊತ್ತುಮಾಡಿಕೊಳ್ಳಿ, ಉಳಿದ ಪದರಗಳು ಎರರನ್ನು ಬದಲಿಸದೆ ಹಾಗೇ ಮೇಲೆ ದಾಟಿಸಲಿ.