ಲೋಕಾಯುಕ್ತಕ್ಕೆ ದೂರು ಕೊಟ್ಟರೆ ಅಧಿಕಾರಿಯ ಕೆಲಸ ಹೋಗುತ್ತದೆಯೇ?

ಪ್ರಶ್ನೆ: ಪೌತಿ ಖಾತೆಗೆ (ತೀರಿಕೊಂಡವರ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಅರ್ಜಿ ಹಾಕಿ ಐದು ತಿಂಗಳಾಯಿತು. ತಾಲ್ಲೂಕು ಕಚೇರಿಗೆ ಅಲೆದು ಸಾಕಾಗಿದೆ. ಲೋಕಾಯುಕ್ತಕ್ಕೆ ದೂರು ಕೊಟ್ಟರೆ ಸಂಬಂಧಪಟ್ಟವರನ್ನು ಕೆಲಸದಿಂದ ತೆಗೆಯುತ್ತಾರಲ್ಲವೇ? (ಹೊಳಲ್ಕೆರೆ ತಾಲ್ಲೂಕಿನ ಓದುಗರು)

ಉತ್ತರ: ತೆಗೆಯುವುದಿಲ್ಲ. ಹಿರಿಯೂರು, ಹೊಸದುರ್ಗ, ಚಳ್ಳಕೆರೆ ಎನ್ನದೆ ಎಲ್ಲ ಕಡೆಯಿಂದಲೂ ಇದೇ ಪ್ರಶ್ನೆ ಬರುತ್ತದೆ, ನಾನೂ ಇದೇ ಉತ್ತರ ಬರೆಯುತ್ತೇನೆ. ಆದರೂ ಲೋಕಾಯುಕ್ತರು ಯಾರನ್ನು ಬೇಕಾದರೂ ನಿಂತ ನಿಲುವಿನಲ್ಲೇ ಮನೆಗೆ ಕಳುಹಿಸಬಲ್ಲರೆಂಬ ನಂಬಿಕೆ ಕದಲುವುದಿಲ್ಲ. ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರು 2001ರಿಂದ 2006ರವರೆಗೆ ಲೋಕಾಯುಕ್ತರಾಗಿದ್ದಾಗ ಸರ್ಕಾರಿ ಕಚೇರಿಗಳಿಗೆ ದಿಢೀರ್ ಭೇಟಿ ಕೊಟ್ಟು ಅಧಿಕಾರಿಗಳನ್ನು ಜನರೆದುರೇ ತರಾಟೆಗೆ ತೆಗೆದುಕೊಳ್ಳುತ್ತಿದ್ದುದನ್ನು ಟಿವಿಯಲ್ಲಿ ಕಂಡವರ ಮನಸ್ಸಿನಲ್ಲಿ ಆ ಚಿತ್ರ ಹಾಗೇ ಉಳಿದುಬಿಟ್ಟಿದೆ. 1984ರ ಲೋಕಾಯುಕ್ತ ಕಾಯ್ದೆಯಾದರೋ ಕೊಟ್ಟಿರುವುದು ತನಿಖೆ ನಡೆಸಿ ಶಿಫಾರಸು ಮಾಡುವ ಅಧಿಕಾರವನ್ನು. ಆಪಾದನೆ ಸಾಬೀತಾಯಿತೆಂಬ ವರದಿ ಕೈಸೇರಿದ ಮೂರು ತಿಂಗಳೊಳಗೆ ಸಕ್ಷಮ ಪ್ರಾಧಿಕಾರವು, ಅಂದರೆ ಆ ನೌಕರನ ಮೇಲೆ ಕ್ರಮ ಕೈಗೊಳ್ಳುವ ಅಧಿಕಾರವುಳ್ಳವರು, ತಾನು ಕೈಗೊಂಡ ಅಥವಾ ಕೈಗೊಳ್ಳಲಿರುವ ಕ್ರಮವನ್ನು ತಿಳಿಸಬೇಕು. ಅದು ತೃಪ್ತಿಕರವಲ್ಲದಿದ್ದರೆ ಲೋಕಾಯುಕ್ತರು ರಾಜ್ಯಪಾಲರಿಗೆ ವಿಶೇಷ ವರದಿ ಸಲ್ಲಿಸಬಹುದು, ಆ ವರದಿ ವಿಧಾನಮಂಡಲದ ಮುಂದೆ ಬರುತ್ತದೆ.

ಲಂಚ ಪಡೆದು ಸಿಕ್ಕಿಬಿದ್ದವರನ್ನು ಲೋಕಾಯುಕ್ತವೇ ಅಮಾನತು ಮಾಡುತ್ತದಲ್ಲ ಎಂದು ಮತ್ತೆ ವಾದಿಸುವವರಿದ್ದಾರೆ. ಅದೂ ತಪ್ಪು. ಬಲೆ ಬೀಸಲೆಂದು ಫಿನಾಫ್ಥಲೀನ್ ಪುಡಿ ಸವರಿದ ನೋಟನ್ನು ಮುಟ್ಟಿದ ಬೆರಳುಗಳನ್ನು ಸೋಡಿಯಂ ಕಾರ್ಬೊನೇಟ್ ದ್ರಾವಣದಲ್ಲಿ ಅದ್ದಿಸಿ, ಗುಲಾಬಿ ಬಣ್ಣಕ್ಕೆ ತಿರುಗಿದ ಆ ನೀರನ್ನು ಬಾಟಲಿಗೆ ತುಂಬಿ ಮೊಹರು ಮಾಡಿ, ಪಂಚರ ಸಮ್ಮುಖದಲ್ಲಿ ಪಂಚನಾಮೆ ಬರೆಯುವುದು ಲೋಕಾಯುಕ್ತ ಪೊಲೀಸರ ಕೆಲಸ. ಅಮಾನತಿನ ಆದೇಶಕ್ಕೆ ಸಹಿ ಬೀಳುವುದು ಆತನ ಇಲಾಖೆಯಲ್ಲಿ, ಜೈಲು ಶಿಕ್ಷೆ ವಿಧಿಸುವುದು ನ್ಯಾಯಾಲಯ. ಈ ಪೊಲೀಸ್ ಅಧಿಕಾರವೂ 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳಕ್ಕೆ (ಎಸಿಬಿ) ಹೋಗಿತ್ತು; 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದುಪಡಿಸಿದ ಮೇಲೆ ಲೋಕಾಯುಕ್ತಕ್ಕೆ ಮರಳಿತು.

ಹಾಗೆಂದು ಶಿಫಾರಸನ್ನು ಬರೀ ಕಾಗದವೆಂದು ತಳ್ಳಿಹಾಕಬೇಡಿ. ಬಳ್ಳಾರಿ, ತುಮಕೂರಿನ ಜೊತೆಗೆ ನಮ್ಮ ಚಿತ್ರದುರ್ಗದ ಗಣಿಗಾರಿಕೆಯನ್ನೂ ಜಾಲಾಡಿದ ಆಗಿನ ಲೋಕಾಯುಕ್ತ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ 2011ರ ಜುಲೈ ವರದಿಗೆ ಯಾರನ್ನೂ ವಜಾ ಮಾಡುವ ಅಧಿಕಾರವಿರಲಿಲ್ಲ; ಆದರೂ ಅದು ಹೊರಬಿದ್ದ ಕೆಲವೇ ದಿನಗಳಲ್ಲಿ ಮುಖ್ಯಮಂತ್ರಿಯೇ ರಾಜೀನಾಮೆ ಕೊಡಬೇಕಾಯಿತು.

ಇನ್ನು ನಿಮ್ಮ ವಿಷಯ. ಲಂಚ ಕೇಳಿದರೆಂದು ನೀವು ಬರೆದಿಲ್ಲವಾದ್ದರಿಂದ ಇದು ಆಪಾದನೆಯಲ್ಲ, ಕುಂದುಕೊರತೆ. ಕುಂದುಕೊರತೆಯ ದೂರನ್ನು ಸಂಗತಿ ತಿಳಿದ ಆರು ತಿಂಗಳೊಳಗೆ, ನಿಗದಿತ ನಮೂನೆಯಲ್ಲಿ, ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಸಲ್ಲಿಸಬೇಕು. ಆದ್ದರಿಂದ ತಡಮಾಡಬೇಡಿ.

ನೀವು ಕೇಳದಿದ್ದರೂ ಒಂದು ಮಾತು ಹೇಳಲೇಬೇಕು: ಅರ್ಜಿ ಕೊಟ್ಟಾಗ ಸ್ವೀಕೃತಿ ಪಡೆದಿದ್ದೀರಾ? ಅರ್ಜಿಯನ್ನು ಗುಮಾಸ್ತರ ಮೇಜಿನ ಮೇಲಿಟ್ಟು ಬರಿಗೈಯಲ್ಲಿ ಬಂದವರನ್ನು ಕಂಡಾಗಲೆಲ್ಲ ನನಗೆ ಸಂಕಟವಾಗುತ್ತದೆ. ಸರ್ಕಾರಿ ಸೇವೆಗಳನ್ನು ಗಡುವಿನೊಳಗೆ ಕೊಡಿಸಲೆಂದು 2012ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ಸಕಾಲ ವ್ಯವಸ್ಥೆಯಲ್ಲಿ ಸ್ವೀಕೃತಿಯ ಮೇಲೆ 15 ಅಂಕಿಗಳ ಜಿಎಸ್‌ಸಿ ಸಂಖ್ಯೆ ಇರುತ್ತದೆ. ಗಡುವು ಮೀರಿದರೆ ಆ ಸಂಖ್ಯೆಯ ಮೇಲೆಯೇ ಮೇಲ್ಮನವಿ ಸಲ್ಲಿಸಿ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನೂ ಕೇಳಬಹುದು. ಹಣ ಸಣ್ಣದು, ಆದರೆ ಯಾವ ದಿನ ಅರ್ಜಿ ಕೊಟ್ಟಿರಿ, ಎಷ್ಟು ದಿನ ತಡವಾಯಿತು ಎಂಬುದನ್ನು ಇಲಾಖೆಯ ಚೀಟಿಯೇ ಹೇಳುತ್ತದೆ. ಅದರ ಜೆರಾಕ್ಸ್ ಪ್ರತಿಯನ್ನು ಪ್ರಮಾಣಪತ್ರದ ಹಿಂದೆ ಲಗತ್ತಿಸಿ.