ಪಾಸ್ಕಲ್-ಪಿ: ಕಂಪೈಲರ್ ಒಂದು ಯಂತ್ರದಿಂದ ಇನ್ನೊಂದಕ್ಕೆ ದಾಟುವ ಬಗೆ

ನಿಕ್ಲಾಸ್ ವಿರ್ತ್ ರೂಪಿಸಿದ ಪ್ರೋಗ್ರಾಮಿಂಗ್ ಭಾಷೆ ಪಾಸ್ಕಲ್‌ಗೆ ಮೊದಲ ಕಂಪೈಲರ್ (ಬರೆದ ಪ್ರೋಗ್ರಾಮನ್ನು ಯಂತ್ರದ ಕೋಡ್‌ಗೆ ಅನುವಾದಿಸುವ ಪ್ರೋಗ್ರಾಮ್) ಸಿದ್ಧವಾದದ್ದು 1970ರಲ್ಲಿ, ಜ್ಯೂರಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯ ಇಟಿಎಚ್‌ನಲ್ಲಿ. ಅದು ಸಿಡಿಸಿ 6000 ಸರಣಿಯ 60 ಬಿಟ್ ವರ್ಡ್‌ನ ಯಂತ್ರಕ್ಕೆ ಹೊಂದಿಕೊಂಡಿತ್ತು. ಬೇರೆ ಯಂತ್ರ ಇದ್ದವರಿಗೆ ಹಾಗೆಯೇ ಕೊಟ್ಟರೆ ಪ್ರಯೋಜನವಿರಲಿಲ್ಲ. ಈ ತೊಡಕಿಗೆ ಅಲ್ಲೇ ಸಿಕ್ಕ ಉತ್ತರ ಪಾಸ್ಕಲ್-ಪಿ. ಅದರಲ್ಲಿ ದುಡಿದವರಲ್ಲಿ ಉರ್ಸ್ ಅಮ್ಮನ್, ಕೇಶವ ನೋರಿ ಇದ್ದರು.

ಈ ಕಂಪೈಲರ್ ನಿಜವಾದ ಯಾವ ಯಂತ್ರಕ್ಕೂ ಕೋಡ್ ಹೊರಡಿಸುವುದಿಲ್ಲ. ಅದರ ಗುರಿ ಕಲ್ಪಿತ ಸ್ಟ್ಯಾಕ್ ಯಂತ್ರ (ಮೌಲ್ಯಗಳನ್ನು ಒಂದರ ಮೇಲೊಂದು ಪೇರಿಸಿ, ಮೇಲಿನಿಂದ ತೆಗೆದು ಲೆಕ್ಕ ಮಾಡುವಂಥದ್ದು), ಹೊರಡಿಸುವುದು ಆ ಯಂತ್ರದ ಆದೇಶಗಳಾದ ಪಿ-ಕೋಡ್. 'ಎ + ಬಿ * 2' ಎಂದು ಬರೆದರೆ ಎ, ಬಿ, 2 ಮೂರೂ ಸಾಲಾಗಿ ಸ್ಟ್ಯಾಕ್ ಏರುತ್ತವೆ. ಗುಣಾಕಾರದ ಆದೇಶ ಮೇಲಿನ ಎರಡನ್ನು ತೆಗೆದು ಫಲವನ್ನು ಇಡುತ್ತದೆ, ಆಮೇಲೆ ಕೂಡುವ ಆದೇಶ. ರಿಜಿಸ್ಟರ್ (ಪ್ರೊಸೆಸರ್‌ನೊಳಗಿನ ಪುಟ್ಟ ಸ್ಮರಣೆಯ ಜಾಗ) ಹಂಚುವ ತಲೆನೋವೇ ಇಲ್ಲ.

ಬೂಟ್‌ಸ್ಟ್ರಾಪಿಂಗ್, ಅಂದರೆ ಕಂಪೈಲರನ್ನು ಅದರಿಂದಲೇ ಕಂಪೈಲ್ ಮಾಡಿಸಿ ಹೊಸ ಯಂತ್ರಕ್ಕೆ ಏರಿಸುವುದು, ನಮ್ಮಲ್ಲಿ ಹಲವರಿಗೆ ಗೊಂದಲ ತರುವ ಭಾಗ, ಹಾಗಾಗಿ ನಿಧಾನವಾಗಿ ನೋಡೋಣ. ಕೈಗೆ ಸಿಗುವ ಕಂಪೈಲರ್‌ಗೆ ಎರಡು ರೂಪ: ಪಾಸ್ಕಲ್‌ನಲ್ಲಿರುವ ಮೂಲ, ಮತ್ತು ಅದೇ ಮೂಲ ಪಿ-ಕೋಡ್ ಆಗಿರುವ ಪ್ರತಿ. ನಾವು ಬರೆಯಬೇಕಾದದ್ದು ಪಿ-ಕೋಡ್ ಓಡಿಸುವ ಇಂಟರ್‌ಪ್ರಿಟರ್ ಮಾತ್ರ, ನಮ್ಮ ಯಂತ್ರದಲ್ಲಿರುವ ಯಾವುದೇ ಭಾಷೆಯಲ್ಲಿ. ಅಷ್ಟಾದರೆ ಕಂಪೈಲರ್ ಓಡುತ್ತದೆ, ನಿಧಾನವಾಗಿಯಾದರೂ. ವೇಗ ಬೇಕಿದ್ದರೆ ಮೂಲದಲ್ಲಿ ಕೋಡ್ ಹೊರಡಿಸುವ ಭಾಗವನ್ನು ನಮ್ಮ ಯಂತ್ರಭಾಷೆಗೆ ತಿದ್ದಿ, ಓಡುತ್ತಿರುವ ಕಂಪೈಲರ್‌ಗೆ ಕೊಡಬೇಕು. ಹೊರಬರುವುದು ಇನ್ನೂ ಪಿ-ಕೋಡ್ ಪ್ರೋಗ್ರಾಮೇ. ಆದರೆ ಅದು ಯಂತ್ರಭಾಷೆ ಬರೆಯಬಲ್ಲದು. ಅದೇ ತಿದ್ದಿದ ಮೂಲವನ್ನು ಈಗ ಇದಕ್ಕೆ ಕೊಟ್ಟರೆ ನೇರವಾಗಿ ಯಂತ್ರದ ಮೇಲೆ ಓಡುವ ಕಂಪೈಲರ್ ಸಿಗುತ್ತದೆ. ಇಂಟರ್‌ಪ್ರಿಟರ್‌ನ ಕೆಲಸ ಅಲ್ಲಿಗೆ ಮುಗಿಯಿತು.

ಪಾಸ್ಕಲ್-ಪಿಯ ಪಿ2 ಆವೃತ್ತಿಯಿಂದಲೇ ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ (ಯುಸಿಎಸ್‌ಡಿ) ಕೆನೆತ್ ಬೌಲ್ಸ್ ಅವರ ಯುಸಿಎಸ್‌ಡಿ ಪಾಸ್ಕಲ್ ಹುಟ್ಟಿ ಮೈಕ್ರೋಕಂಪ್ಯೂಟರ್‌ಗಳಿಗೆ ಹಬ್ಬಿತು.

ಓದಲು ನಾನು ಹೇಳುವುದು ನಂತರದ ಆವೃತ್ತಿ ಪಿ4ರ ಮೂಲ. ಮೊದಲು ಇಂಟರ್‌ಪ್ರಿಟರ್ ಓದಿ, ಆಮೇಲೆ ಕಂಪೈಲರ್. ಅಲ್ಲಿ ನನಗೆ ತುಂಬ ಮೆಚ್ಚುಗೆಯಾದ ಒಂದು ಜಾಣತನವಿದೆ: ಒಂದೇ ಸ್ಮರಣೆಯಲ್ಲಿ ಸ್ಟ್ಯಾಕ್ ಕೆಳಗಿನಿಂದ, ಹೀಪ್ (ಪ್ರೋಗ್ರಾಮ್ ಓಡುವಾಗ ಕೇಳಿದಂತೆ ಜಾಗ ಕೊಡುವ ಭಾಗ) ಮೇಲಿನಿಂದ ಬೆಳೆಯುತ್ತವೆ, ಆದರೆ ಡಿಕ್ಕಿಯಾಗುತ್ತದೆಯೇ ಎಂದು ಪ್ರತಿ ಪುಶ್‌ಗೂ (ಸ್ಟ್ಯಾಕ್‌ಗೆ ಏನನ್ನಾದರೂ ಏರಿಸುವಾಗಲೆಲ್ಲ) ನೋಡುವುದಿಲ್ಲ. ಪ್ರತಿ ಪ್ರೊಸೀಜರ್‌ಗೆ (ಹೆಸರಿಟ್ಟು ಕರೆಯುವ ಪ್ರೋಗ್ರಾಮಿನ ತುಣುಕಿಗೆ) ಗರಿಷ್ಠ ಎಷ್ಟು ಸ್ಟ್ಯಾಕ್ ಬೇಕೆಂದು ಕಂಪೈಲರ್ ಮೊದಲೇ ಲೆಕ್ಕ ಹಾಕಿರುತ್ತದೆ. ಪ್ರೊಸೀಜರ್ ಪ್ರವೇಶಿಸುವಾಗ ಒಮ್ಮೆ ಪರೀಕ್ಷಿಸಿದರೆ ಸಾಕು. ಹೀಪ್‌ನಲ್ಲಿ ಜಾಗ ಕೇಳಿದಾಗಲೂ ಹೋಲಿಸುವುದು ಆ ಗರಿಷ್ಠ ಮಿತಿಯೊಂದಿಗೇ.

ಒಂದು ಎಚ್ಚರಿಕೆ: ಪಿ4 ಪೂರ್ಣ ಪಾಸ್ಕಲ್ ಅಲ್ಲ. ಪ್ರೊಸೀಜರನ್ನೇ ಪ್ಯಾರಾಮೀಟರ್ ಆಗಿ ಕಳುಹಿಸಲು ಅದು ಬಿಡುವುದಿಲ್ಲ, ಪ್ರೊಸೀಜರ್‌ನಿಂದ ಹೊರಕ್ಕೆ ಗೋಟೂ ಆದೇಶದಿಂದ ಹಾರುವಂತಿಲ್ಲ. ಅವೂ ಬೇಕಾದವರು ಪಾಸ್ಕಲ್‌ನ ಅಂತರರಾಷ್ಟ್ರೀಯ ಮಾನಕ ಐಎಸ್‌ಒ 7185ಕ್ಕೆ ಹೊಂದುವಂತೆ ಅದೇ ಮೂಲವನ್ನು ಬೆಳೆಸಿದ ಪಿ5 ತೆರೆಯಬಹುದು.