ತಡೆಯುವ ಎಣ್ಣೆ

ಕಳೆದ ಬೇಸಿಗೆಯ ಒಂದು ಸಂಜೆ ಕೋಲಾರದ ಅಂತರಗಂಗೆ ಬೆಟ್ಟದ ಬುಡದಲ್ಲಿರುವ ಬೀಳು ಹೊಲದಲ್ಲಿ ಅಕ್ಕನ ಮಗ ತನ್ನ ರಿಮೋಟ್ ಬಗ್ಗಿಯನ್ನು ಓಡಿಸುತ್ತಿದ್ದ. ನಿಜವಾದ ಕಾರಿನ ಎಂಟನೇ ಒಂದು ಅಳತೆಯ, ನಾಲ್ಕೂ ಚಕ್ರಗಳಿಗೆ ಶಕ್ತಿ ಹರಿಯುವ, ಮೂರು ಕಿಲೋಗೂ ಮಿಕ್ಕಿ ತೂಗುವ ಗಾಡಿ ಅದು. ಟ್ರಿಗರ್ ಎಳೆದ ಕೂಡಲೇ ಮೋಟಾರು ಕಿರುಚಿತು. ಮುಂದಿನ ಎರಡು ಟೈರುಗಳು ಕಾದ ಎಣ್ಣೆಗೆ ಬಿದ್ದ ಪೂರಿಯಂತೆ ಉಬ್ಬಿ ಕೆಂಪು ಧೂಳೆಬ್ಬಿಸಿದವು. ಗಾಡಿ ಮಾತ್ರ ಒಲ್ಲದ ಮನಸ್ಸಿನಿಂದ ಮುಂದೆ ಸರಿಯಿತು. ಬ್ಯಾಟರಿ ಸತ್ತಿದೆ ಎಂದು ಬೇರೆಯದನ್ನು ಹಾಕಿದ. ಮತ್ತೆ ಅದೇ ಕಥೆ. "ಮಾವ, ಮೋಟಾರು ಹೋಯಿತೇನೋ" ಎಂದು ಮುಖ ಸಣ್ಣದು ಮಾಡಿಕೊಂಡ. ಹೊಸ ಮೋಟಾರೆಂದರೆ ಸಾವಿರಾರು ರೂಪಾಯಿ.

ರಾತ್ರಿ ಊಟವಾದ ಮೇಲೆ ನಡುಮನೆಯಲ್ಲಿ ಹಳೆಯ ಪತ್ರಿಕೆ ಹಾಸಿಕೊಂಡು ಗಾಡಿಯನ್ನು ಬಿಚ್ಚಿದೆವು. ಮೋಟಾರು ಆರೋಗ್ಯವಾಗಿತ್ತು. ಗಾಡಿಯ ನಟ್ಟನಡುವೆ ಕೂರುವ, ಮೋಟಾರಿನ ಬಲವನ್ನು ಹಂಚುವ, ದೊಡ್ಡ ನಿಂಬೆಹಣ್ಣಿನ ಗಾತ್ರದ ಡಿಫರೆನ್ಷಿಯಲ್ (ಚುಟುಕಾಗಿ ಡಿಫ್) ಎಂಬ ಡಬ್ಬಿಯನ್ನು ಹೊರತೆಗೆದು, ನಾಲ್ಕು ಸ್ಕ್ರೂ ಕಳಚಿ ಮುಚ್ಚಳ ಎತ್ತಿದಾಗ ಕಾರಣ ಕಂಡಿತು. ಒಳಗಿನ ಪುಟ್ಟ ಗೇರುಗಳು ಮುಳುಗಿರಬೇಕಿದ್ದ ಎಣ್ಣೆ ಅಲ್ಲಿರಲಿಲ್ಲ. ಹಲ್ಲುಗಳ ಸಂದಿಯಲ್ಲಿ ಬೂದು ಬಣ್ಣದ ಅಂಟು ನಾಲ್ಕೈದು ಹನಿ ಉಳಿದಿತ್ತು, ಅಷ್ಟೇ.

ಎಣ್ಣೆ ಕಡಿಮೆಯಾದರೆ ಗೇರು ಸವೆಯುತ್ತದೆ, ಶಬ್ದ ಬರುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಎಣ್ಣೆ ಹೋದದ್ದಕ್ಕೆ ಗಾಡಿಯ ಎಳೆತವೇ ಹೋಗುವುದು ಹೇಗೆ? ಹುಡುಗ ಕೇಳಿದ್ದು ಅದನ್ನೇ, ಮತ್ತು ಪ್ರಶ್ನೆ ಬಹಳ ಒಳ್ಳೆಯದು. ಎತ್ತಿನ ಗಾಡಿಯ ಅಚ್ಚಿಗೆ ಸವರುವ ಕೀಲೆಣ್ಣೆಯ ಕೆಲಸ ಜಾರಿಸುವುದು. ಈ ಡಬ್ಬಿಯೊಳಗಿನ ಎಣ್ಣೆಯ ಮುಖ್ಯ ಕೆಲಸ ತಡೆಯುವುದು. ಇದು ಮನಸ್ಸಿಗೆ ಇಳಿದರೆ ಮಿಕ್ಕದ್ದೆಲ್ಲ ತಾನಾಗಿ ಬಿಡಿಸಿಕೊಳ್ಳುತ್ತದೆ.

ಎತ್ತಿನ ಗಾಡಿಗೆ ಡಿಫರೆನ್ಷಿಯಲ್ ಬೇಕಿಲ್ಲ. ಅದರ ಎರಡು ಚಕ್ರಗಳು ಅಚ್ಚಿನ ಮೇಲೆ ತಮ್ಮ ಪಾಡಿಗೆ ತಾವು ತಿರುಗುತ್ತವೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ಉರುಳುತ್ತದೆ, ಒಳಗಿನದು ಕಡಿಮೆ. ಎಷ್ಟು ಹೆಚ್ಚು ಎಂಬ ಲೆಕ್ಕ ನನಗೆ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಒಂದು ಪೂರ್ತಿ ಸುತ್ತು ಬಂದರೆ ಹೊರಚಕ್ರ ಕ್ರಮಿಸುವ ಹೆಚ್ಚಿನ ದೂರ, ಎರಡು ಚಕ್ರಗಳ ನಡುವಿನ ಅಂತರವನ್ನು ಎರಡು ಪೈ, ಅಂದರೆ 6.28ರಿಂದ ಗುಣಿಸಿದಷ್ಟು. ಸುತ್ತು ದೊಡ್ಡದೋ ಚಿಕ್ಕದೋ ಎಂಬುದು ಲೆಕ್ಕಕ್ಕೇ ಬರುವುದಿಲ್ಲ. ಕೋಲಾರಮ್ಮನ ಗುಡಿಗೆ ಪ್ರದಕ್ಷಿಣೆ ಹಾಕಿದರೂ ಮನೆಯ ತುಳಸಿಕಟ್ಟೆಗೆ ಹಾಕಿದರೂ ವ್ಯತ್ಯಾಸ ಒಂದೇ. ನಮ್ಮ ಬಗ್ಗಿಯ ಚಕ್ರಗಳ ನಡುವೆ ಸುಮಾರು 25 ಸೆಂಟಿಮೀಟರ್ ಇದೆ. ಒಂದು ಸುತ್ತಿಗೆ ಹೊರಚಕ್ರ ಒಂದೂವರೆ ಮೀಟರಿಗಿಂತ ತುಸು ಹೆಚ್ಚು ಓಡಬೇಕು. ಆ ಪುಟ್ಟ ಟೈರಿನ ಲೆಕ್ಕದಲ್ಲಿ ಅದು ನಾಲ್ಕು ಉರುಳಿಗೂ ಮಿಗಿಲು.

ಎರಡೂ ಚಕ್ರಗಳನ್ನು ಒಂದೇ ದಂಡಕ್ಕೆ ಬಿಗಿದು ಎಂಜಿನ್ನಿನಿಂದ ತಿರುಗಿಸಿದರೆ ಈ ನಾಲ್ಕು ಉರುಳಿಗೆ ಜಾಗವಿರುವುದಿಲ್ಲ; ಯಾವುದಾದರೂ ಒಂದು ಟೈರು ನೆಲದ ಮೇಲೆ ತೇಯಲೇಬೇಕು. ಫ್ರಾನ್ಸಿನ ಓನೆಸಿಫೋರ್ ಪೆಕ್ಕರ್ 1828ರಲ್ಲಿ ಉಗಿಗಾಡಿಗಾಗಿ ಪೇಟೆಂಟ್ ಪಡೆದ ಗೇರುಗಳ ಜೋಡಣೆ ಈ ತೊಡಕನ್ನು ಬಿಡಿಸಿತು. ಒಂದು ಚಕ್ರ ಎಷ್ಟು ನಿಧಾನವಾಗುತ್ತದೋ ಇನ್ನೊಂದು ಅಷ್ಟೇ ಚುರುಕಾಗುತ್ತದೆ. ಎರಡರ ಸರಾಸರಿ ಕದಲುವುದಿಲ್ಲ.

ಆದರೆ ಈ ಜೋಡಣೆ ಎರಡೂ ಕಡೆಗೆ ಸಮನಾದ ಬಲವನ್ನಷ್ಟೇ ಹಂಚಬಲ್ಲದು. ಮಳೆಗಾಲದಲ್ಲಿ ಟೊಮೆಟೊ ತೋಟಕ್ಕೆ ಇಳಿದ ಟ್ರ್ಯಾಕ್ಟರನ್ನು ನೆನೆಯಿರಿ. ಒಂದು ಚಕ್ರ ಕೆಸರಿನಲ್ಲಿ ಸುಯ್ಯೆಂದು ಸುತ್ತುತ್ತಿದೆ, ಗಟ್ಟಿ ನೆಲದ ಮೇಲಿರುವ ಇನ್ನೊಂದು ಚಕ್ರ ಅಲುಗದೆ ನಿಂತಿದೆ. ಕೆಸರಿನ ಚಕ್ರಕ್ಕೆ ಸಿಕ್ಕ ಅತ್ಯಲ್ಪ ಹಿಡಿತದಷ್ಟೇ ಬಲ ಗಟ್ಟಿ ನೆಲದ ಚಕ್ರಕ್ಕೂ ದಕ್ಕುತ್ತದೆ. ಬಲಹೀನನೇ ಇಬ್ಬರ ಪಾಲನ್ನೂ ನಿರ್ಧರಿಸುತ್ತಾನೆ. ಆಗ ಚಾಲಕ ಕಾಲ ಬಳಿಯ ಡಿಫ್ ಲಾಕ್ ಪೆಡಲನ್ನು ಒತ್ತುತ್ತಾನೆ. ಎರಡು ಚಕ್ರಗಳು ಒಂದಾಗಿ ತಿರುಗಿ ಟ್ರ್ಯಾಕ್ಟರ್ ಮೇಲೇಳುತ್ತದೆ.

ರಿಮೋಟ್ ಬಗ್ಗಿಗೆ ಪೆಡಲ್ ಇಲ್ಲ. ಪೂರ್ತಿ ಬಿಟ್ಟರೂ ಕಷ್ಟ, ಪೂರ್ತಿ ಬಿಗಿದರೂ ಕಷ್ಟ ಎನ್ನುವ ಸ್ಥಿತಿಗೆ ಅದರಲ್ಲಿರುವ ಪರಿಹಾರವೇ ದಪ್ಪ ಸಿಲಿಕೋನ್ ಎಣ್ಣೆ. ಗೇರಿನ ಹಲ್ಲುಗಳು ಒಂದರೊಳಗೊಂದು ಕೂಡುವಾಗ ನಡುವಿನ ಎಣ್ಣೆಯನ್ನು ಹಿಂಡಿ ಹೊರಹಾಕಬೇಕು, ಡಬ್ಬಿಯೊಳಗಿನ ಎಣ್ಣೆಯನ್ನೆಲ್ಲ ಕಲಕಬೇಕು. ಎರಡು ಚಕ್ರಗಳ ವೇಗದಲ್ಲಿ ವ್ಯತ್ಯಾಸ ಹೆಚ್ಚಿದಷ್ಟೂ ಈ ತಡೆ ಹೆಚ್ಚುತ್ತದೆ. ಸಾಧಾರಣ ತಿರುವಿನಲ್ಲಿ ವ್ಯತ್ಯಾಸ ಕಡಿಮೆ, ಎಣ್ಣೆ ಸುಮ್ಮನೆ ದಾರಿ ಬಿಡುತ್ತದೆ. ಒಂದು ಚಕ್ರ ಗಾಳಿಗೆದ್ದು ಗಿರಗಿರನೆ ಸುತ್ತತೊಡಗಿದರೆ ಅದೇ ಎಣ್ಣೆ ಗಟ್ಟಿಯಾಗಿ ಹಿಡಿದು ಇನ್ನೊಂದು ಚಕ್ರವನ್ನೂ ಎಳೆದೊಯ್ಯುತ್ತದೆ. ಯಾವ ಸೆನ್ಸರೂ ಇಲ್ಲದೆ, ಯಾರೂ ಹೇಳದೆ, ಒಂದು ದ್ರವ ಇಷ್ಟು ವಿವೇಕದಿಂದ ನಡೆದುಕೊಳ್ಳುವುದನ್ನು ನಾನು ತರಗತಿಯಲ್ಲಿ ಕಲಿಸಿದ ಯಾವ ಪ್ರಯೋಗವೂ ಇಷ್ಟು ಚೆನ್ನಾಗಿ ತೋರಿಸಿಲ್ಲ.

ಎಂಟನೇ ಒಂದು ಅಳತೆಯ ಬಗ್ಗಿಯಲ್ಲಿ ಇಂಥ ಡಿಫ್‌ಗಳು ಮೂರು: ಮುಂದೊಂದು, ಹಿಂದೊಂದು, ಮುಂದು-ಹಿಂದುಗಳ ನಡುವೆ ಬಲ ಹಂಚುವ ನಡುವಿನದೊಂದು. ನಮ್ಮಲ್ಲಿ ಬತ್ತಿದ್ದು ನಡುವಿನದು. ವೇಗ ಏರಿಸಿದಾಗ ಗಾಡಿಯ ಭಾರ ಹಿಂದಕ್ಕೆ ವಾಲಿ ಮುಂದಿನ ಚಕ್ರಗಳು ಹಗುರವಾಗುತ್ತವೆ. ತಡೆಯುವವರಿಲ್ಲದ ನಡುವಿನ ಡಿಫ್ ಆ ಹಗುರ ಚಕ್ರಗಳನ್ನೇ ಸುತ್ತಿಸಿತು, ಅವು ಉಬ್ಬಿದವು, ಭಾರ ಹೊತ್ತ ಹಿಂದಿನ ಚಕ್ರಗಳಿಗೆ ಬಲ ತಲುಪಲಿಲ್ಲ. ಟ್ರ್ಯಾಕ್ಟರಿನ ಕೆಸರಿನ ಕಥೆಯೇ, ಎಡ-ಬಲದ ಬದಲು ಹಿಂದು-ಮುಂದಾಗಿ.

ಎಣ್ಣೆಯ ಬಾಟಲಿಯ ಮೇಲೆ 3000, 5000, 7000 ಎಂಬ ಸಂಖ್ಯೆಗಳಿರುತ್ತವೆ. ಅದು ಸ್ನಿಗ್ಧತೆಯ, ಅಂದರೆ ದ್ರವ ಎಷ್ಟು ದಪ್ಪ ಎಂಬುದರ ಅಳತೆ, ಸೆಂಟಿಸ್ಟೋಕ್‌ಗಳಲ್ಲಿ. ಮಾನಕ್ಕೆ ಭೌತವಿಜ್ಞಾನಿ ಜಾರ್ಜ್ ಗೇಬ್ರಿಯಲ್ ಸ್ಟೋಕ್ಸ್ ಅವರ ಹೆಸರು. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರಿನ ಸ್ನಿಗ್ಧತೆ ಸುಮಾರು 1. ನಮ್ಮ ಅಜ್ಜಿಯರು ನೆತ್ತಿಗೆ ತಟ್ಟುತ್ತಿದ್ದ ಹರಳೆಣ್ಣೆ ಅದೇ ಉಷ್ಣತೆಯಲ್ಲಿ ಹೆಚ್ಚುಕಡಿಮೆ 1000. ಅದರ ಐದರಷ್ಟು, ಏಳರಷ್ಟು ದಪ್ಪ ಎಂದರೆ ಕೈಗೆ ಅಂದಾಜು ಸಿಗುತ್ತದೆ. ಈ ಸಂಖ್ಯೆಗಳನ್ನು ಕೂಡು-ಕಳೆಯುವ ಲೆಕ್ಕದಲ್ಲಿ ನೋಡಬಾರದು, ಅನುಪಾತದಲ್ಲಿ ನೋಡಬೇಕು. 1000ದಿಂದ 2000ಕ್ಕೆ ಹೋದರೆ ಗಾಡಿ ಬದಲಾದದ್ದು ಗೊತ್ತಾಗುತ್ತದೆ. 10,000ದಿಂದ 11,000ಕ್ಕೆ ಹೋದರೆ ಗೊತ್ತೇ ಆಗುವುದಿಲ್ಲ. ಎರಡು ಎಣ್ಣೆ ಬೆರೆಸುವಾಗಲೂ ಹಾಗೆಯೇ. 3000 ಮತ್ತು 10,000ದ ಎಣ್ಣೆಗಳನ್ನು ಸಮಪಾಲು ಬೆರೆಸಿದರೆ 6500 ಬರುವುದಿಲ್ಲ, ಸುಮಾರು 5500 ಬರುತ್ತದೆ.

ಗ್ಯಾರೇಜಿನ ಗೇರ್ ಆಯಿಲ್ ಹಾಕಬಾರದೇ ಎಂದು ಹುಡುಗನ ಗೆಳೆಯರು ಕೇಳುತ್ತಾರೆ. ಬೇಡ. ಬಿಸಿಯಾದಾಗ ಅದು ವಿಪರೀತ ತೆಳುವಾಗುತ್ತದೆ. 40 ಡಿಗ್ರಿಯಿಂದ 100 ಡಿಗ್ರಿಗೆ ಹೋಗುವಷ್ಟರಲ್ಲಿ ಸ್ನಿಗ್ಧತೆ ಹತ್ತರಲ್ಲಿ ಒಂದು ಪಾಲಿಗೆ ಇಳಿದಿರುತ್ತದೆ. ಸಿಲಿಕೋನ್ ಎಣ್ಣೆ ಅದೇ ಬಿಸಿಯಲ್ಲಿ ಹತ್ತರಲ್ಲಿ ನಾಲ್ಕು ಪಾಲನ್ನು ಉಳಿಸಿಕೊಳ್ಳುತ್ತದೆ. ಇಳಿಯುವುದೇ ಇಲ್ಲ ಎಂದಲ್ಲ. ಡಿಸೆಂಬರಿನ ಮುಂಜಾನೆ ಹದವಾಗಿ ಓಡಿದ ಗಾಡಿ ಏಪ್ರಿಲ್ ಮಧ್ಯಾಹ್ನ ಅದೇ ಎಣ್ಣೆಯಲ್ಲಿ ಸಡಿಲವಾಗಿ ವರ್ತಿಸಿದರೆ ಅಚ್ಚರಿಪಡಬೇಕಿಲ್ಲ.

ಯಾವ ಡಿಫ್‌ಗೆ ಯಾವುದು? ಈ ಅಳತೆಯ ಬಗ್ಗಿಗಳಲ್ಲಿ ಮುಂದೆ 5000, ನಡುವೆ 5000ದಿಂದ 7000, ಹಿಂದೆ 3000 ಎನ್ನುವುದು ಬಹುಮಂದಿ ಹಿಡಿಯುವ ಆರಂಭ. ಮುಂದೆ ದಪ್ಪವಾದರೆ ತಿರುವಿನಿಂದ ಹೊರಬರುವಾಗ ಗಾಡಿ ಮೂಗಿನಿಂದ ಎಳೆದುಕೊಂಡು ಹೋಗುತ್ತದೆ, ಆದರೆ ವೇಗ ಬಿಟ್ಟು ತಿರುವಿಗೆ ನುಗ್ಗುವಾಗ ಅಷ್ಟು ಸುಲಭವಾಗಿ ತಿರುಗುವುದಿಲ್ಲ. ನಡುವಿನದು ದಪ್ಪವಾದರೆ ಓಟ ಬಿರುಸು, ಗಾಡಿ ಸ್ವಲ್ಪ ಹುಚ್ಚು ಕುದುರೆ. ತೆಳುವಾದರೆ ಸೌಮ್ಯ, ಕೈಗೆ ಸಿಗುತ್ತದೆ. ಹಿಂದೆ ತೆಳುವಾದಷ್ಟೂ ತಿರುವಿನಲ್ಲಿ ಬಾಲದ ಹಿಡಿತ ಹೆಚ್ಚು, ತೀರಾ ತೆಳುವಾದರೆ ಒಳಚಕ್ರ ಸುಮ್ಮನೆ ಸುತ್ತುತ್ತದೆ. ನಮ್ಮ ಕೆಂಪು ನೆಲದ ಮೇಲೆ ಸಡಿಲ ಮರಳು ಇರುವಲ್ಲಿ ಒಂದು ಮೆಟ್ಟಿಲು ತೆಳುವಿನ ಕಡೆಗೇ ನನ್ನ ಒಲವು. ಮೊದಲು ನಾವು ಓಡಿಸುತ್ತಿದ್ದದ್ದು ಬತ್ತಿದ ಕೆರೆಯಂಗಳದಲ್ಲಿ, ಅಲ್ಲಿನ ಹೆಪ್ಪುಗಟ್ಟಿದ ಜೇಡಿ ಟೈರನ್ನು ಚೆನ್ನಾಗಿ ಹಿಡಿಯುತ್ತಿತ್ತು, ದಪ್ಪ ಎಣ್ಣೆ ಒಗ್ಗುತ್ತಿತ್ತು. ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ಕೋಲಾರದ ಕೆರೆಗಳಿಗೆ ಬೆಂಗಳೂರಿನ ಸಂಸ್ಕರಿಸಿದ ನೀರು ಬರತೊಡಗಿದ ಮೇಲೆ ಆ ಅಂಗಳ ನೀರಿನಡಿ ಸೇರಿತು. ಕೆರೆ ತುಂಬಿದ್ದಕ್ಕೆ ಹುಡುಗರೂ ಬೇಸರಪಡಲಿಲ್ಲ. ಗಾಡಿ ಹೊತ್ತು ಬೆಟ್ಟದ ಬುಡಕ್ಕೆ ಬಂದರು, ಎಣ್ಣೆ ಬದಲಿಸಿದರು.

ಆದರೆ ಎಣ್ಣೆ ಆರಿಸುವ ಮೊದಲು ಗಾಡಿಯ ನಾಡಿ ಹಿಡಿದು ನೋಡಬೇಕು. ರೋಗವೊಂದು, ಮದ್ದೊಂದು ಆಗುವುದು ಇಲ್ಲಿಯೇ. ಬ್ಯಾಟರಿ ಕಳಚಿ, ಗಾಡಿಯನ್ನು ಮೇಲೆತ್ತಿ, ಹಿಂದಿನ ಡಿಫ್‌ಗೆ ಹೋಗುವ ದಂಡವನ್ನು ಬೆರಳಲ್ಲಿ ಹಿಡಿದು ಒಂದು ಹಿಂಚಕ್ರವನ್ನು ತಿರುಗಿಸಿ. ಇನ್ನೊಂದು ಚಕ್ರ ಹಿಮ್ಮುಖವಾಗಿ ತಿರುಗಬೇಕು, ಜೇನಿನಲ್ಲಿ ಚಮಚ ಆಡಿಸಿದಂತೆ ನಿಧಾನವಾದ ತಡೆಯೊಂದು ಕೈಗೆ ತಾಗಬೇಕು. ತಡೆಯೇ ಇಲ್ಲದಿದ್ದರೆ ಎಣ್ಣೆ ಸೋರಿದೆ. ಡಬ್ಬಿಯ ಸುತ್ತ ಒದ್ದೆ ಧೂಳು ಅಂಟಿದ್ದರೆ ಅನುಮಾನವೇ ಬೇಡ. ತಡೆ ಒಂದೇ ಸಮನಾಗಿರದೆ ನಡುನಡುವೆ ಕಚ್ಚಿದರೆ ಒಳಗಿನ ಹಲ್ಲು ಮುರಿದಿರಬೇಕು. ನಡುವಿನ ಡಿಫ್‌ಗಾದರೆ ಮೋಟಾರು ತಿರುಗಿಸುವ ದೊಡ್ಡ ಹಲ್ಲುಚಕ್ರವನ್ನು, ಅಂದರೆ ಸ್ಪರ್ ಗೇರನ್ನು ಹಿಡಿದು ಎರಡೂ ಹಿಂಚಕ್ರಗಳನ್ನು ಮುಂದಕ್ಕೆ ತಿರುಗಿಸಿದರೆ ಮುಂಚಕ್ರಗಳು ಹಿಂದಕ್ಕೆ ತಿರುಗುತ್ತವೆ.

ಶಬ್ದಕ್ಕೂ ವ್ಯಾಕರಣವಿದೆ. ಮೋಟಾರು ಕೂಗುತ್ತಿದ್ದು ಗಾಡಿ ಕದಲದಿದ್ದರೆ ಮೊದಲು ಮೋಟಾರಿನ ಪಿನಿಯನ್ (ದಂಡದ ಮೇಲಿನ ಪುಟ್ಟ ಗೇರು) ಹಿಡಿದಿರುವ, ತಲೆಯಿಲ್ಲದ ಗ್ರಬ್ ಸ್ಕ್ರೂ ನೋಡಿ, ಸಡಿಲವಾಗಿರುತ್ತದೆ. ಕಟ್ ಕಟ್ ಶಬ್ದ ಬಂದರೆ ಚಕ್ರವನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸುತ್ತ ಎಣಿಸಬೇಕು. ನಮ್ಮ ಗಾಡಿಯಲ್ಲಿ ಮುಂದಿನ, ಹಿಂದಿನ ಡಿಫ್‌ಗಳಿಗೆ ಬಿಗಿದ ದೊಡ್ಡ ಗೇರಾದ ಕ್ರೌನ್‌ಗೆ 43 ಹಲ್ಲು, ಅದನ್ನು ತಿರುಗಿಸುವ ಪುಟ್ಟ ಪಿನಿಯನ್‌ಗೆ 13. ಎರಡು ಚಕ್ರವನ್ನೂ ಕೂಡಿಸಿ ಒಂದು ಸುತ್ತು ತಿರುಗಿಸಿದಾಗ ಒಂದೇ ಒಂದು ಸಲ ಕಟ್ ಎಂದರೆ ಕ್ರೌನ್‌ನ ಹಲ್ಲು ಕೆಟ್ಟಿದೆ. ಮೂರು ಸಲಕ್ಕೂ ಮಿಕ್ಕಿ ಎಂದರೆ ಪಿನಿಯನ್‌ನದು. 43 ಮತ್ತು 13 ಎರಡೂ ಅವಿಭಾಜ್ಯ ಸಂಖ್ಯೆಗಳಾಗಿರುವುದರಲ್ಲೂ ಚೆಲುವಿದೆ. ಒಮ್ಮೆ ಭೇಟಿಯಾದ ಎರಡು ಹಲ್ಲುಗಳು ಮತ್ತೆ ಭೇಟಿಯಾಗಲು ಕ್ರೌನ್ 13 ಸುತ್ತು ಮುಗಿಸಬೇಕು. ಅಷ್ಟರಲ್ಲಿ ಪ್ರತಿ ಹಲ್ಲೂ ಎದುರಿನ ಪ್ರತಿ ಹಲ್ಲನ್ನೂ ಮುಟ್ಟಿರುತ್ತದೆ, ಸವೆತ ಎಲ್ಲಕ್ಕೂ ಸಮನಾಗಿ ಹಂಚಿಹೋಗುತ್ತದೆ.

ಕೈಯಲ್ಲಿ ತಿರುಗಿಸುವಾಗ ಸುಮ್ಮನಿದ್ದು ಜೋರಾಗಿ ಓಡಿಸುವಾಗ ಮಾತ್ರ ಕಟಕಟ ಎಂದರೆ ಹಲ್ಲು ಜಿಗಿಯುತ್ತಿದೆ ಎಂದರ್ಥ. ಬಲ ಬಿದ್ದಾಗ ಕ್ರೌನ್ ಮತ್ತು ಪಿನಿಯನ್ ಒಂದನ್ನೊಂದು ದೂರ ತಳ್ಳುತ್ತವೆ. ಬೇರಿಂಗ್ ಸವೆದಿದ್ದರೆ ಬದಲಿಸಿ, ಕ್ರೌನ್‌ನ ಹಿಂದೆ 0.1 ಮಿಲಿಮೀಟರ್ ದಪ್ಪದ, ಶಿಮ್ ಎಂಬ ತೆಳು ಬಿಲ್ಲೆಯೊಂದನ್ನು ಸೇರಿಸಿದರೆ ಅಷ್ಟು ಸಾಕಾಗುತ್ತದೆ. ಮೋಟಾರಿನ ಪಿನಿಯನ್‌ಗೂ ಸ್ಪರ್ ಗೇರಿಗೂ ನಡುವೆ ಪತ್ರಿಕೆಯ ಒಂದು ಚೂರು ಇಟ್ಟು ಒತ್ತಿ ಸ್ಕ್ರೂ ಬಿಗಿದು, ಕಾಗದ ಎಳೆದು ತೆಗೆದರೆ ಅಲ್ಲಿಯ ಅಂತರವೂ ಸರಿಹೋಗುತ್ತದೆ.

ನಮ್ಮ ಡಬ್ಬಿ ಸೋರಿದ್ದು ಯಾಕೆ? ಎಣ್ಣೆ ಸೋರದಂತೆ ಹೊರದಂಡಕ್ಕೆ ತೊಡಿಸುವ ರಬ್ಬರ್ ಬಳೆಯನ್ನು, ಅಂದರೆ ಓ-ರಿಂಗನ್ನು ದೀಪದ ಕೆಳಗೆ ಹಿಡಿದು ಬೆರಳಲ್ಲಿ ಹೊರಳಿಸಿದಾಗ ಕೂದಲೆಳೆಯಂಥ ಸೀಳು ಕಂಡಿತು. ಅದಕ್ಕೂ ಮಿಗಿಲಾದ ಕಾರಣ ಹುಡುಗನೇ ಹೇಳಿದ: ಹಿಂದಿನ ಸಲ ಎಣ್ಣೆಯನ್ನು ಅಂಚಿನವರೆಗೂ ತುಂಬಿದ್ದನಂತೆ, ಹೆಚ್ಚು ದಿನ ಬರಲಿ ಎಂದು. ಸಿಲಿಕೋನ್ ಎಣ್ಣೆ ಪ್ರತಿ ಡಿಗ್ರಿಗೂ ಸಾವಿರದಲ್ಲಿ ಒಂದು ಪಾಲಿನಷ್ಟು ಹಿಗ್ಗುತ್ತದೆ. ಓಡುತ್ತ ಓಡುತ್ತ ಡಬ್ಬಿ 50 ಡಿಗ್ರಿ ಬಿಸಿಯೇರಿತು ಎಂದಿಟ್ಟುಕೊಳ್ಳಿ, ಎಣ್ಣೆ ನೂರಕ್ಕೆ ಐದರಷ್ಟು ಉಬ್ಬುತ್ತದೆ. ಉಬ್ಬಲು ಜಾಗವಿಲ್ಲದ ಎಣ್ಣೆ ಸೀಳಿನ ದಾರಿ ಹಿಡಿಯಿತು.

ಹಳೆಯದನ್ನೆಲ್ಲ ಒರೆಸಿ, ಹೊಸ ಓ-ರಿಂಗ್‌ಗೆ ಒಂದು ಹನಿ ಎಣ್ಣೆ ಸವರಿ ಕೂರಿಸಿ, ಗೇರುಗಳು ಮುಳುಗುವಷ್ಟು ಮಾತ್ರ 5000ದ ಎಣ್ಣೆ ಸುರಿದೆವು. ಗೇರನ್ನು ಮೆಲ್ಲಗೆ ತಿರುಗಿಸಿ, ಗುಳ್ಳೆಗಳು ಮೇಲೇಳಲು ಅರ್ಧ ಗಂಟೆ ಬಿಟ್ಟೆವು. ಬಾಟಲಿಯ ದಪ್ಪ ಎಣ್ಣೆಯಲ್ಲಿ ಗುಳ್ಳೆ ಏರುವುದನ್ನು ಹುಡುಗ ಮಂಡಿಯ ಮೇಲೆ ಗಲ್ಲವಿಟ್ಟು ನೋಡುತ್ತ ಕೂತಿದ್ದ. ಇಳಿದ ಮಟ್ಟಕ್ಕೆ ಇನ್ನೆರಡು ಹನಿ ಸೇರಿಸಿ ಮುಚ್ಚಳ ಹಾಕಿದೆವು, ಸ್ಕ್ರೂಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿದೆವು. ಅಡುಗೆಮನೆಯ ಸಣ್ಣ ತಕ್ಕಡಿಯಲ್ಲಿ ಡಬ್ಬಿಯನ್ನು ತೂಗಿ ತೂಕವನ್ನು ಬರೆದಿಟ್ಟ. ಮುಂದಿನ ಸಲ ಬಿಚ್ಚದೆಯೇ ತೂಗಿದರೆ ಸೋರಿಕೆ ತಿಳಿಯುತ್ತದೆ. ಇದು ಅವನದೇ ಉಪಾಯ.

ಭಾನುವಾರ ಬೆಟ್ಟದ ಬುಡದಲ್ಲಿ ಟ್ರಿಗರ್ ಎಳೆದಾಗ ಮುಂದಿನ ಟೈರುಗಳು ಉಬ್ಬಲಿಲ್ಲ. ನಾಲ್ಕೂ ಚಕ್ರ ಒಟ್ಟಿಗೆ ನೆಲ ಕಚ್ಚಿ ಗಾಡಿ ಕಲ್ಲು ಚಿಮ್ಮಿಸುತ್ತ ಬೇಲಿಯವರೆಗೂ ಓಡಿತು. ವಾಪಸು ಬರುವಾಗ, ಎಡ ತಿರುವಿನಲ್ಲಿ, ಬಾಲ ಒಂದಿಷ್ಟು ಹೊರಕ್ಕೆ ಜಾರಿತು. ಹುಡುಗ ಗಾಡಿ ನಿಲ್ಲಿಸಿ ಜೇಬಿನಿಂದ ಪುಸ್ತಕ ತೆಗೆದು ಬರೆದುಕೊಂಡ: "ಹಿಂದಿನದು 3000. ಮುಂದಿನ ವಾರ 2000. ಬೇರೆ ಏನನ್ನೂ ಮುಟ್ಟುವುದಿಲ್ಲ."